ತಂದೆಯವರ ನೆರಳು

ನಮ್ಮ ನಡುಮನೆಯ ಗೋಡೆಯ ಮೇಲೆ ಒಂದು ಪಟವಿದೆ. ಬೇಲೂರಿನ ಚೆನ್ನಕೇಶವ ದೇವಾಲಯದ ಜಗತಿಯನ್ನೇರುವ ಮೆಟ್ಟಿಲುಗಳ ಬುಡದಲ್ಲಿ ನಮ್ಮ ತಾಯಿಯವರು ನಿಂತಿದ್ದಾರೆ. ಅವರ ಬಲಕ್ಕೆ, ಒಂದು ಮೆಟ್ಟಿಲು ಮೇಲೆ, ತಂದೆಯವರು. ತಂದೆಯವರ ಕೈಯಲ್ಲಿ ಸ್ವಲ್ಪ ಬಾಡಿದ ಹೂವಿನ ಹಾರವೊಂದಿದೆ. ಮನೆಗೆ ಬಂದವರು ಇದನ್ನು ನೋಡಿ, ‘ಎಷ್ಟು ಸಹಜವಾಗಿ ಬಂದಿದೆ!’ ಎನ್ನುವುದುಂಟು. ಆಗ ನಾನು ಸಾಮಾನ್ಯವಾಗಿ ಕಾಫಿಯ ಲೋಟಗಳನ್ನೆತ್ತಿಕೊಂಡು ಒಳಕ್ಕೆ ಹೋಗಿಬಿಡುತ್ತೇನೆ. ಏಕೆಂದರೆ ನಮ್ಮ ತಂದೆಯವರು ಬೇಲೂರನ್ನು ಕಂಡವರೇ ಅಲ್ಲ. ಅವರು ತೀರಿಕೊಂಡದ್ದು 1991ರಲ್ಲಿ. ತಾಯಿಯವರನ್ನು ನಾನು ಬೇಲೂರಿಗೆ ಕರೆದುಕೊಂಡು ಹೋದದ್ದು 1996ರ ಶ್ರಾವಣದಲ್ಲಿ.

ಅವರಿಬ್ಬರೂ ಜೊತೆಯಲ್ಲಿದ್ದ ಪಟ ಒಂದೇ ಒಂದಿತ್ತು. ಅದು ಮದುವೆಯದು, ಅದನ್ನು ಗೆದ್ದಲು ತಿಂದುಹಾಕಿತು. 2019ರಲ್ಲಿ ಒಂದು ದಿನ ತಾಯಿಯವರು ಹಳೆಯ ಪೆಟ್ಟಿಗೆಯಿಂದ ಎರಡು ಪಟಗಳನ್ನು ತೆಗೆದು ನನ್ನ ಮುಂದಿಟ್ಟರು. ಒಂದು ಅವರದೇ, ಬೇಲೂರಿನದು. ಇನ್ನೊಂದು 1989ರಲ್ಲಿ, ತಂದೆಯವರು ನಿವೃತ್ತರಾದ ದಿನ, ಶಾಲೆಯ ಅಂಗಳದಲ್ಲಿ ಉಪಾಧ್ಯಾಯರೆಲ್ಲರೂ ಸಾಲಾಗಿ ನಿಂತು ತೆಗೆಸಿದ ಕಪ್ಪುಬಿಳುಪಿನ ಪಟ. ತಮಗಾಗಿಯೇ ನಡೆದ ಸಮಾರಂಭದಲ್ಲಿಯೂ ತಂದೆಯವರು ಸಾಲಿನ ತುದಿಗೆ ಹೋಗಿ, ಕೊರಳ ಹಾರವನ್ನು ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು. ‘ಕಂಪ್ಯೂಟರಿನಲ್ಲಿ ಏನೇನೋ ಮಾಡುತ್ತೀಯಲ್ಲ, ಇವರನ್ನು ತಂದು ನನ್ನ ಪಕ್ಕದಲ್ಲಿ ನಿಲ್ಲಿಸು ನೋಡೋಣ’ ಎಂದರು ತಾಯಿಯವರು.

ಇದೇನು ಮಹಾ ಕೆಲಸ ಎಂದುಕೊಂಡೆ. ತಂದೆಯವರನ್ನು ಅಂಚುಗುಂಟ ಕತ್ತರಿಸಿ, ಬೇಲೂರಿನ ಪಟಗಳಲ್ಲಿ ಬಿಸಿಲು ಚೆನ್ನಾಗಿ ಬಿದ್ದಿದ್ದುದನ್ನು ಆರಿಸಿ, ಅದರೊಳಗೆ ಇಟ್ಟೆ. ಅರ್ಧ ಗಂಟೆಯ ಕೆಲಸ. ಫಲವನ್ನು ನೋಡಿದರೆ, ಚಿತ್ರಮಂದಿರದ ಮುಂದೆ ನಿಲ್ಲಿಸುವ ನಟರ ಆಕೃತಿಯನ್ನು ಯಾರೋ ದೇವಸ್ಥಾನಕ್ಕೆ ಹೊತ್ತು ತಂದಂತಿತ್ತು! ತಾಯಿಯವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, ‘ದಮಯಂತಿ ಸ್ವಯಂವರಕ್ಕೆ ಬಂದ ದೇವತೆಗಳ ಹಾಗೆ ನಿಂತಿದ್ದಾರಲ್ಲೋ! ಅದೂ ದೇವಸ್ಥಾನದಲ್ಲಿ ಚಪ್ಪಲಿ ಮೆಟ್ಟಿಕೊಂಡು!’ ಎಂದು ನಕ್ಕರು.

ಆ ಮಾತನ್ನು ಅವರು ಹಾಸ್ಯಕ್ಕೆಂದು ಆಡಿದರೂ, ಈ ವಿದ್ಯೆಯ ಸೂತ್ರವೆಲ್ಲ ಅದರಲ್ಲಿಯೇ ಅಡಗಿತ್ತೆಂದು ನನಗೆ ಅಂದು ರಾತ್ರಿ ಹೊಳೆಯಿತು. ಇಂದ್ರ, ಅಗ್ನಿ, ವರುಣ, ಯಮ ಈ ನಾಲ್ವರೂ ನಳನ ರೂಪವನ್ನೇ ಧರಿಸಿ ಅವನ ಪಕ್ಕದಲ್ಲಿ ಕುಳಿತ ಕಥೆಯನ್ನು ವಾಚಕರೆಲ್ಲರೂ ಬಲ್ಲರು. ಮುಖದಿಂದ ನಳನನ್ನು ಗುರುತಿಸುವುದು ದಮಯಂತಿಗೆ ಸಾಧ್ಯವಾಗಲಿಲ್ಲ. ದೇವತೆಗಳಿಗೆ ನೆರಳಿಲ್ಲ, ಕಾಲು ನೆಲವನ್ನು ಮುಟ್ಟುವುದಿಲ್ಲ, ಬೆವರಿಲ್ಲ, ಮೈಮೇಲೆ ಧೂಳಿಲ್ಲ, ಹಾರ ಬಾಡುವುದಿಲ್ಲ, ರೆಪ್ಪೆ ಮಿಡಿಯುವುದಿಲ್ಲ. ಇವೆಲ್ಲ ಇದ್ದವನೇ ಮನುಷ್ಯನೆಂದು ತಿಳಿದು ಅವಳು ಮಾಲೆ ಹಾಕಿದಳು. ಬೇರೆಡೆಯಿಂದ ತಂದು ಕೂಡಿಸಿದ ಆಕೃತಿಯನ್ನು ನಮ್ಮ ಕಣ್ಣು ಹಿಡಿದುಹಾಕುವುದೂ ಹೀಗೆಯೇ. ನಾನು ಒಂದು ರಾತ್ರಿಯೆಲ್ಲ ತಂದೆಯವರ ಮುಖವನ್ನು ತಿದ್ದುತ್ತ ಕುಳಿತಿದ್ದೆ. ತಪ್ಪು ಇದ್ದದ್ದು ಕಾಲಿನಲ್ಲಿ.

ಮೊದಲು ಬೆಳಕಿನ ಮಾತು. ಶಾಲೆಯ ಪಟವನ್ನು ಮೋಡದ ದಿನ ತೆಗೆದದ್ದು. ಬೆಳಕು ಆಕಾಶದ ಎಲ್ಲ ಕಡೆಯಿಂದಲೂ ಮೆಲ್ಲಗೆ ಇಳಿದು, ಮುಖದ ಮೇಲೆ ಎಲ್ಲಿಯೂ ಗಾಢವಾದ ನೆರಳಿಲ್ಲ. ಬೇಲೂರಿನ ಪಟದಲ್ಲಾದರೋ ಎಡದಿಂದ ಬಿಸಿಲು ಹೊಡೆದು, ತಾಯಿಯವರ ಮೂಗಿನ ನೆರಳು ಕೆನ್ನೆಯ ಮೇಲೆ ಬಿದ್ದಿತ್ತು. ಮೋಡದಲ್ಲಿ ನಿಂತವನನ್ನು ಬಿಸಿಲಿಗೆ ತರುವುದು ಯಾವ ಕುಂಚದಿಂದಲೂ ಸುಲಭವಲ್ಲ. ಒಂದು ವಾರ ಹೆಣಗಿದ ಮೇಲೆ ನನಗೆ ಬುದ್ಧಿ ಬಂದಿತು. ಮನುಷ್ಯನನ್ನು ತಿದ್ದುವುದಕ್ಕಿಂತ ಅವನಿಗೆ ಒಪ್ಪುವ ಹಿನ್ನೆಲೆಯನ್ನು ಹುಡುಕುವುದೇ ಲೇಸು. ಅದೇ ರೀಲಿನಲ್ಲಿ, ಅದೇ ಮೆಟ್ಟಿಲ ಬಳಿ, ತುಂತುರು ನಿಂತ ಕೂಡಲೆ ಮೋಡದ ಬೆಳಕಿನಲ್ಲಿ ತೆಗೆದ ಇನ್ನೊಂದು ಪಟವಿತ್ತು. ಮಂಕಾಗಿದೆಯೆಂದು ಇಪ್ಪತ್ತಮೂರು ವರ್ಷ ಅದನ್ನು ಲಕ್ಷಿಸಿರಲಿಲ್ಲ.

ಎರಡನೆಯದು ಕ್ಷಿತಿಜದ ಲೆಕ್ಕ. ಸಮನಾದ ನೆಲದ ಮೇಲೆ ನಿಂತವರೆಲ್ಲರನ್ನೂ ಕ್ಷಿತಿಜರೇಖೆಯು ಕ್ಯಾಮರಾದ ಎತ್ತರದಲ್ಲಿಯೇ ಹಾದುಹೋಗುತ್ತದೆ. ಬೇಲೂರಿನಲ್ಲಿ ನಾನು ನಿಂತು, ಕಣ್ಣಿಗೆ ಹಿಡಿದು ಪಟ ತೆಗೆದಿದ್ದೆ. ಆ ರೇಖೆ ಕುಳ್ಳಾದ ನಮ್ಮ ತಾಯಿಯವರ ನೆತ್ತಿಯ ಮೇಲೆ ಹೋಗುತ್ತಿತ್ತು. ಶಾಲೆಗೆ ಬಂದಿದ್ದ ಸ್ಟುಡಿಯೋದವನು ತನ್ನ ಮೂರುಕಾಲಿನ ಸ್ಟ್ಯಾಂಡನ್ನು ತಗ್ಗಿಸಿ ಇಟ್ಟಿದ್ದುದರಿಂದ ತಂದೆಯವರಲ್ಲಿ ಅದು ಎದೆಯ ಮೇಲೆ ಹೋಗುತ್ತಿತ್ತು. ಆಕೃತಿಯನ್ನು ಹಿಗ್ಗಿಸಿದರೂ ಕುಗ್ಗಿಸಿದರೂ ಈ ಅಂತರ ಹೋಗದು. ಆದರೆ ಅವರನ್ನು ಒಂದು ಮೆಟ್ಟಿಲು ಮೇಲೆ ನಿಲ್ಲಿಸಿದರೆ, ಎದೆಯ ಆ ಗೆರೆ ತಾನಾಗಿಯೇ ತಾಯಿಯವರ ನೆತ್ತಿಯ ಮಟ್ಟಕ್ಕೆ ಬಂದು ನಿಂತಿತು! ಇದನ್ನು ತಾಯಿಯವರಿಗೆ ವಿವರಿಸಿದಾಗ, ‘ಇದ್ದಾಗಲೂ ಒಂದು ಮೆಟ್ಟಿಲು ಮೇಲೇ ನಿಂತವರು. ಹಾಗೆಯೇ ಇರಲಿ ಬಿಡು’ ಎಂದರು.

ಬಣ್ಣದ ತೊಡಕನ್ನು, ಇಡೀ ಪಟವನ್ನು ಕಪ್ಪುಬಿಳುಪಿಗೆ ತಂದು ಕಳೆದುಕೊಂಡೆ. ತಂದೆಯವರನ್ನು ಬಹಳ ಹಿಗ್ಗಿಸಿದ್ದರಿಂದ ಅವರ ಮೈಯೆಲ್ಲ ಮರಳು ಚೆಲ್ಲಿದಂತೆ ಕಾಣುತ್ತಿತ್ತು, ತಾಯಿಯವರದು ನುಣುಪಾಗಿತ್ತು. ಒರಟನ್ನು ನುಣುಪು ಮಾಡಲಾಗದು. ಆದುದರಿಂದ ತಾಯಿಯವರ ಮೇಲೂ ದೇವಾಲಯದ ಮೇಲೂ ಅಷ್ಟೇ ಮರಳನ್ನು ಉದುರಿಸಿದೆ. ಬಿಳಿಯ ಪಂಚೆಯ ಅಂಚಿನಲ್ಲಿ ಶಾಲೆಯ ಗೋಡೆಯ ಸುಣ್ಣದ ಬಣ್ಣ ಕೂದಲೆಳೆಯಷ್ಟು ಅಂಟಿಕೊಂಡು ಬಂದಿತ್ತು. ಅದನ್ನು ಬಿಡಿಸುವುದಕ್ಕೆ ಎರಡು ಸಂಜೆಗಳು ಹಿಡಿದವು.

ಉಳಿದದ್ದು ಚಪ್ಪಲಿ. ಬೇರೆ ದಾರಿ ಕಾಣದೆ, ಹಿತ್ತಿಲ ಕಲ್ಲಿನ ಮೇಲೆ ನೀರು ಚೆಲ್ಲಿ, ಮೋಡದ ಹೊತ್ತಿನಲ್ಲಿ ನಾನೇ ಪಂಚೆಯುಟ್ಟು ಬರಿಗಾಲಿನಲ್ಲಿ ನಿಂತೆ. ನನ್ನ ಮಗಳು ಕ್ಯಾಮರಾವನ್ನು ಲೆಕ್ಕದ ಎತ್ತರಕ್ಕೆ ಹಿಡಿದು ನನ್ನ ಪಾದಗಳ ಪಟ ತೆಗೆದಳು. ಹೆಬ್ಬೆರಳಿನಿಂದ ದೂರ ಸರಿದು ನಿಲ್ಲುವ ಎರಡನೆಯ ಬೆರಳು ನನಗೆ ತಂದೆಯವರಿಂದಲೇ ಬಂದದ್ದು. ಮೋಡದ ದಿನ ನೆರಳೇ ಇಲ್ಲವೆಂದು ತಿಳಿಯುತ್ತೇವೆ, ಹಾಗಲ್ಲ. ಪಾದವು ಕಲ್ಲನ್ನು ಮುಟ್ಟುವೆಡೆ ಒಂದು ಸಣ್ಣ ಕಪ್ಪು ಗೆರೆ ಇದ್ದೇ ಇರುತ್ತದೆ. ಹೊರಹೊರಕ್ಕೆ ಅದು ತೆಳುವಾಗಿ ಕರಗುತ್ತದೆ. ಆ ಗೆರೆಯನ್ನು ಎಳೆದ ಕ್ಷಣ ತಂದೆಯವರು ನೆಲಕ್ಕಿಳಿದರು. ಮೈಯಲ್ಲಿ ಜುಮ್ಮೆಂದಿತು, ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದುಬಿಟ್ಟೆ.

ಈ ಕೆಲಸ ಹೊಸದೇನೂ ಅಲ್ಲ. ಇಂಗ್ಲೆಂಡಿನಲ್ಲಿ ರೇಲಾಂಡರ್ ಎಂಬಾತನು 1857ರಲ್ಲಿಯೇ ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಕೂಡಿಸಿ ಒಂದು ದೊಡ್ಡ ಚಿತ್ರವನ್ನು ಮಾಡಿದನು. ವಿಕ್ಟೋರಿಯಾ ರಾಣಿಯು ಅದರ ಪ್ರತಿಯನ್ನು ಕೊಂಡಳು. ಮರುವರ್ಷ ಹೆನ್ರಿ ಪೀಚ್ ರಾಬಿನ್‌ಸನ್ ಐದು ನೆಗೆಟಿವ್‌ಗಳಿಂದ, ಸಾಯುತ್ತಿರುವ ಹುಡುಗಿಯೊಬ್ಬಳ ಸುತ್ತ ಮನೆಯವರು ಸೇರಿರುವ ಪಟವನ್ನು ರಚಿಸಿದನು. ಇಂತಹ ದುಃಖವನ್ನು ಪಟ ತೆಗೆಯಬಹುದೇ ಎಂದು ಜನರು ನೊಂದುಕೊಂಡರು. ಹುಡುಗಿಯಾದರೋ ಆರೋಗ್ಯವಾಗಿಯೇ ಇದ್ದಳು. ನಮ್ಮ ಊರುಗಳ ಸ್ಟುಡಿಯೋಗಳಲ್ಲಿಯೂ ಗತಿಸಿದವರನ್ನು ಇದ್ದವರ ಪಕ್ಕದಲ್ಲಿ ಕೂಡಿಸಿ, ಕುಂಚದಿಂದ ಸಂದು ಮುಚ್ಚಿಕೊಡುತ್ತಿದ್ದರು. ಆ ಪಟಗಳಲ್ಲಿ ಕೂಡಿಸಿದ್ದು ಎದ್ದು ಕಾಣುತ್ತಿತ್ತು, ಮನೆಯವರಿಗೂ ಅದು ಗೊತ್ತಿರುತ್ತಿತ್ತು. ಅದರಲ್ಲಿ ಒಂದು ಬಗೆಯ ಪ್ರಾಮಾಣಿಕತೆಯಿತ್ತೆಂದು ಈಗ ನನಗೆ ತೋರುತ್ತದೆ. ಈಚೆಗೆ ಯಂತ್ರವು ನನ್ನ ಒಂದು ತಿಂಗಳ ದುಡಿಮೆಯನ್ನು ಕ್ಷಣದಲ್ಲಿ ಮಾಡಿಕೊಡುತ್ತದೆಯಂತೆ. ಮಾಡಲಿ, ನನಗೆ ಬೇಡ.

ಪಟಕ್ಕೆ ಕಟ್ಟು ಹಾಕಿಸುವ ಮುನ್ನ ಅದರ ಬೆನ್ನಿಗೆ ಎರಡೂ ಊರುಗಳನ್ನೂ ಎರಡೂ ವರ್ಷಗಳನ್ನೂ ಶಾಯಿಯಲ್ಲಿ ಬರೆದೆ. ತಾಯಿಯವರು ಓದಿ ತಲೆಯಾಡಿಸಿದರು. ಆಗ ಅವರ ನೆನಪು ಚೆನ್ನಾಗಿತ್ತು.

ಈಗ ಅವರಿಗೆ ಎಂಬತ್ತು ದಾಟಿದೆ. ಬೆಳಗಿನ ಮಾತು ಸಂಜೆಗೆ ಉಳಿಯುವುದಿಲ್ಲ. ಹೋದ ತಿಂಗಳು ನೆಂಟರೊಬ್ಬರು ಬಂದು ಆ ಪಟವನ್ನು ನೋಡುತ್ತ ನಿಂತರು. ತಾಯಿಯವರು ತಾವಾಗಿಯೇ ಹೇಳತೊಡಗಿದರು: ‘ಅವತ್ತು ಮಳೆ ಬಂದು ಕಲ್ಲೆಲ್ಲ ತಣ್ಣಗಿತ್ತು. ಇವರಿಗೆ ಕಾಲು ಜೋಮು ಹಿಡಿದುಬಿಟ್ಟಿತು. ಆ ಹಾರ ಅರ್ಚಕರು ಕೊಟ್ಟದ್ದು. ಮನೆಗೆ ಬರುವ ತನಕ ಇವರು ಅದನ್ನು ಕೈಬಿಡಲಿಲ್ಲ.’ ಕಾಫಿಯ ಲೋಟಗಳು ಇನ್ನೂ ಖಾಲಿಯಾಗಿರಲಿಲ್ಲ. ನನಗೆ ಏಳುವುದಕ್ಕೆ ನೆವವಿರಲಿಲ್ಲ. ತಾಯಿಯವರು ನನ್ನತ್ತ ತಿರುಗಿ, ‘ಅಲ್ಲವೇನೋ? ನೀನೂ ಇದ್ದೆಯಲ್ಲ?’ ಎಂದರು.

ನಾನು ಪಟದಲ್ಲಿದ್ದ ಪಾದಗಳನ್ನು ನೋಡಿದೆ.

‘ಹೌದಮ್ಮ, ಇದ್ದೆ’ ಎಂದೆ.