ಅಟ್ಟ ಸೇರದ ಕಂಟ್ರೋಲರು

ಕೆಲವು ವಸ್ತುಗಳು ತಮ್ಮ ಒಡೆಯನಿಗಿಂತ ಹೆಚ್ಚು ಕಾಲ ಬಾಳುತ್ತವೆ. ರಾಯರ ಮನೆಯ ಪ್ಲೇಸ್ಟೇಷನ್ 4 ಕಣ್ಮುಚ್ಚಿ ಗುಜರಿ ಸೇರಿತು. ಅದರ ಕಂಟ್ರೋಲರು ಮಾತ್ರ ಉಳಿಯಿತು. “ಎತ್ತೇ ಸತ್ತ ಮೇಲೆ ಮೂಗುದಾರವೇಕೆ?” ಎಂದು ರಾಯರು ಅಟ್ಟಕ್ಕೆ ಏಣಿ ಹಾಕಿದರು.

“ಬೇಡ, ಅಪ್ಪಾ” ಎಂದ ಕಿರಿಯ ಮಗ ಅದನ್ನು ಯುಎಸ್‌ಬಿ ತಂತಿಯಿಂದ ಗಣಕಯಂತ್ರಕ್ಕೆ ಜೋಡಿಸಿದ. ತೊಡಕು ಇದ್ದುದು ಭಾಷೆಯಲ್ಲಿ. ವಿಂಡೋಸಿನ ಆಟಗಳು ಬಹುಮಟ್ಟಿಗೆ ಎಕ್ಸ್‌ಬಾಕ್ಸಿನ ನುಡಿಯನ್ನೇ ಬಲ್ಲವು. ತೆರೆಯು ‘ಎ’ ಒತ್ತೆನ್ನುತ್ತದೆ. ಕೈಯಲ್ಲಿರುವುದೋ ಗುಣಾಕಾರ ಚಿಹ್ನೆ, ವೃತ್ತ, ಚೌಕ, ತ್ರಿಕೋನ! ನಿಂಟೆಂಡೊದ್ದಾದರೆ ಇನ್ನೂ ವಿನೋದ: ಅಕ್ಷರಗಳು ಅವೇ, ಸ್ಥಾನಗಳು ಅದಲುಬದಲು. ಇಂಥಲ್ಲಿ ದುಭಾಷಿಯೊಬ್ಬ ಬೇಕು. 2016ರಿಂದ ಸ್ಟೀಮ್ ತಂತ್ರಾಂಶವು ಈ ಕಂಟ್ರೋಲರಿಗೆ ಆ ಉಪಕಾರ ಮಾಡುತ್ತಿದೆ. ಗುಣಾಕಾರವನ್ನೊತ್ತಿದರೆ ಆಟಕ್ಕೆ ‘ಎ’ ಎಂದು ಅರುಹುತ್ತದೆ.

ಆಟ ಸಾಗಿತು. “ಹೊಸದನ್ನೇ ಕೊಡಿಸುತ್ತಿದ್ದೆನಲ್ಲೋ!” ಎಂದರು ರಾಯರು.

ಹುಡುಗ ಮಾತಾಡದೆ ಎಡಗಡೆಯ ಸ್ಟಿಕ್ಕನ್ನು ತೋರಿಸಿದ. ಅದರ ರಬ್ಬರು ಸವೆದುಹೋಗಿತ್ತು. ಸವೆಸಿದ್ದು ಅಣ್ಣನ ಹೆಬ್ಬೆರಳು. ಅವನು ಉದ್ಯೋಗಕ್ಕೆಂದು ಪುಣೆಗೆ ಹೋಗಿ ಎರಡು ವರ್ಷವಾಗಿತ್ತು.

ರಾಯರು ಸದ್ದಿಲ್ಲದೆ ಏಣಿಯನ್ನು ತೆಗೆದಿಟ್ಟರು.