ಉಪ್ಪಿನ ಕಾವಲು

ಔರಾದಿನ ಹಿರಿಯ ಗೃಹಸ್ಥರೊಬ್ಬರು ಎಪ್ಪತ್ತರ ಗಡಿ ದಾಟಿ, ಹೊಲಮನೆಗಳ ಭಾರವನ್ನು ಮಕ್ಕಳಿಗೊಪ್ಪಿಸಿ ಕುಳಿತವರು. ಅವರಿಗೆ ಬಹುಕಾಲದಿಂದ ರಕ್ತದ ಒತ್ತಡವುಂಟು. ಬೀದರಿನ ವೈದ್ಯರು ಬರೆದುಕೊಟ್ಟ ಗುಳಿಗೆಯನ್ನು ಸ್ನಾನಸಂಧ್ಯೆಗಳಷ್ಟೇ ನಿಷ್ಠೆಯಿಂದ ದಿನವೂ ಸೇವಿಸುವರು. ಒಂದು ವೈಶಾಖದಲ್ಲಿ ಭಾಲ್ಕಿಯ ಮಗಳ ಮನೆಯ ಮದುವೆಗೆ ಹೋಗಿಬಂದವರು ವಾಂತಿಭೇದಿಗೆ ಸಿಕ್ಕಿದರು. ಅನ್ನ ಬಿಟ್ಟಿತು, ನೀರೂ ನಿಲ್ಲದಾಯಿತು. ಗುಳಿಗೆಯನ್ನು ಮಾತ್ರ ಬಿಡಲಿಲ್ಲ. ಮೂರನೆಯ ದಿನಕ್ಕೆ ಮೂತ್ರವು ಹೆಚ್ಚುಕಡಿಮೆ ನಿಂತೇಹೋಯಿತು. ಬೀದರಿಗೆ ಒಯ್ದು ಸಲೈನು ಕೊಡಿಸಿ, ಗುಳಿಗೆಯನ್ನು ನಿಲ್ಲಿಸಿದ ಮೇಲೆ ಮೂತ್ರಪಿಂಡಗಳು ಮೆಲ್ಲನೆ ಚೇತರಿಸಿಕೊಂಡುವು. ಮನೆಯವರಿಗೆ ಒಂದು ಒಗಟು ಉಳಿಯಿತು. ಒತ್ತಡದಿಂದ ಮೂತ್ರಪಿಂಡವನ್ನು ಕಾಯುವುದಕ್ಕೆಂದೇ ಕೊಟ್ಟ ಔಷಧವು ಅದಕ್ಕೇ ಮುಳುವಾದುದು ಹೇಗೆ?

ಆರೋಗ್ಯವಂತನ ಮೂತ್ರಪಿಂಡಗಳು ದಿನವೊಂದಕ್ಕೆ ಸುಮಾರು 180 ಲೀಟರು ದ್ರವವನ್ನು ರಕ್ತದಿಂದ ಸೋಸುವುವು. ಅದರೊಡನೆ ಒಂದೂವರೆ ಕಿಲೋಗ್ರಾಮಿನಷ್ಟು ಉಪ್ಪಿಗೆ ಸಮನಾದ ಸೋಡಿಯಂ ಸೋಸಿಬರುವುದು. ಅಷ್ಟೂ ಹೊರಬಿದ್ದುಹೋದರೆ ಮನುಷ್ಯನು ಸಾಯಂಕಾಲವನ್ನು ಕಾಣಲಾರನು. ಆದುದರಿಂದ ನೂರರಲ್ಲಿ ತೊಂಬತ್ತೊಂಬತ್ತು ಪಾಲಿಗೂ ಮಿಕ್ಕು ರಕ್ತಕ್ಕೆ ಮರಳುವುದು. ಉಳಿದ ಅಲ್ಪಭಾಗವನ್ನು ಬಿಡಬೇಕೋ ಹಿಡಿಯಬೇಕೋ ಎಂಬುದನ್ನು ನಿರ್ಣಯಿಸುವವುಗಳಲ್ಲಿ ಆಂಜಿಯೋಟೆನ್ಸಿನ್ ಎಂಬ ವಸ್ತುವು ಮುಖ್ಯವಾದುದು.

ಮೈಯಲ್ಲಿ ನೀರು ಉಪ್ಪುಗಳು ಕುಂದಿದವೆನ್ನಿ. ಆಗ ಮೂತ್ರಪಿಂಡವು ರೆನಿನ್ ಎಂಬ ಕಿಣ್ವವನ್ನು ರಕ್ತಕ್ಕೆ ಬಿಡುವುದು. ಯಕೃತ್ತು ಸಿದ್ಧಪಡಿಸಿಟ್ಟಿರುವ ದೊಡ್ಡ ಪ್ರೋಟೀನೊಂದರಿಂದ ರೆನಿನ್ನು ಹತ್ತು ಅಮೈನೋ ಆಮ್ಲಗಳ ತುಂಡನ್ನು ಕತ್ತರಿಸುವುದು. ಈ ತುಂಡಿಗೆ ಹೆಚ್ಚಿನ ಶಕ್ತಿಯಿಲ್ಲ. ಮುಖ್ಯವಾಗಿ ಶ್ವಾಸಕೋಶದ ರಕ್ತನಾಳಗಳಲ್ಲಿ ಮತ್ತೊಂದು ಕಿಣ್ವವು ಅದರ ತುದಿಯ ಎರಡನ್ನು ತೆಗೆದೊಡನೆಯೇ ಎಂಟರ ಸರಪಣಿಯು ಮಹಾಪ್ರಬಲವಾಗುವುದು. ಎರಡಕ್ಷರ ಲೋಪವಾದರೆ ಶಬ್ದದ ಅರ್ಥವೇ ಬೇರೆಯಾಗುವುದನ್ನು ವ್ಯಾಕರಣ ಬಲ್ಲವರು ಕಂಡೇ ಇರುವರು.

ಈ ಎಂಟರ ಸರಪಣಿಯು ರಕ್ತನಾಳಗಳನ್ನು ಬಿಗಿಯುವುದು, ಮೂತ್ರಪಿಂಡದ ನಾಳಿಕೆಗಳಿಂದ ಸೋಡಿಯಮನ್ನು ಹಿಂದಕ್ಕೆ ಸೆಳೆಸುವುದು, ಮೂತ್ರಪಿಂಡದ ನೆತ್ತಿಯ ಮೇಲಿರುವ ಗ್ರಂಥಿಯಿಂದ ಆಲ್ಡೋಸ್ಟಿರೋನನ್ನು ಹೊರಡಿಸಿ ಮತ್ತಷ್ಟು ಉಪ್ಪನ್ನುಳಿಸುವುದು, ಬಾಯಾರಿಕೆಯನ್ನೂ ಹುಟ್ಟಿಸುವುದು. ಇವೆಲ್ಲಕ್ಕಿಂತ ಸೂಕ್ಷ್ಮವಾದುದು ಇನ್ನೊಂದುಂಟು. ಕಾರಂಜಾ ಕಾಲುವೆಯಿಂದ ಹೊಲಕ್ಕೆ ನೀರು ಕಟ್ಟುವ ಭಾಲ್ಕಿಯ ರೈತನಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ: ನೀರು ಕಡಿಮೆಯಾದಾಗ ಮುಂದೆ ಅಡ್ಡಗಟ್ಟಿದರೆ ಹಿಂದೆ ಮಟ್ಟವೇರುವುದು. ಸೋಸುವ ರಕ್ತನಾಳಗಳ ಗೊಂಚಲಿನಿಂದ ರಕ್ತವು ಹೊರಹೋಗುವ ಬಾಗಿಲನ್ನು ಆಂಜಿಯೋಟೆನ್ಸಿನ್ನು ಹೀಗೆಯೇ ಕಿರಿದುಮಾಡಿ, ಒಳಗಣ ಒತ್ತಡವನ್ನುಳಿಸಿ, ಬರಗಾಲದಲ್ಲಿಯೂ ಸೋಸುವ ಕೆಲಸವನ್ನು ನಡೆಯಿಸುವುದು.

ಔರಾದಿನ ಹಿರಿಯರ ಗುಳಿಗೆಯು 'ಸಾರ್ಟನ್' ಎಂದು ಹೆಸರು ಮುಗಿಯುವ ವರ್ಗದ್ದು. ಅದು ಆಂಜಿಯೋಟೆನ್ಸಿನ್ನಿನ ಕೈಯನ್ನೇ ಕಟ್ಟಿಬಿಡುವುದು. ಸುಭಿಕ್ಷಕಾಲದಲ್ಲಿ ಇದು ಉಪಕಾರ. ಸೋಸುವ ಗೊಂಚಲಿನ ಮೇಲಿನ ಅತಿಯಾದ ಒತ್ತಡವಿಳಿಯುವುದು. ಮೈಯೊಣಗಿದ ದಿನ ಅಡ್ಡಗಟ್ಟುವ ಕಾವಲುಗಾರನೇ ಇಲ್ಲದಂತಾಯಿತು, ಒಗಟಿಗೆ ಉತ್ತರವಿದು.

ಈ ಜ್ಞಾನವು ಒಂದು ದಿನದಲ್ಲಿ ಬಂದುದಲ್ಲ. 1898ರಲ್ಲಿ ಸ್ಟಾಕ್‌ಹೋಮಿನಲ್ಲಿ ಟೈಗರ್‌ಸ್ಟೆಟ್ ಮತ್ತು ಬೆರ್ಗ್‌ಮನ್ನರು ಮೊಲದ ಮೂತ್ರಪಿಂಡದ ಸಾರದಲ್ಲಿ ರೆನಿನ್ನನ್ನು ಕಂಡರು. 1940ರ ಸುಮಾರಿಗೆ ಬ್ಯೂನಸ್ ಐರಿಸ್ಸಿನವರೂ ಇಂಡಿಯಾನಾಪೊಲಿಸ್ಸಿನವರೂ ಒಂದೇ ವಸ್ತುವನ್ನು ಬೇರೆಬೇರೆಯಾಗಿ ಕಂಡು, 'ಹೈಪರ್‌ಟೆನ್ಸಿನ್' ಎಂದೂ 'ಆಂಜಿಯೋಟೋನಿನ್' ಎಂದೂ ಕರೆದರು. 1958ರಲ್ಲಿ ಎರಡರ ಅರ್ಧರ್ಧವನ್ನು ಕೂಡಿಸಿ ರಾಜಿಯಾದರು. ವಿದ್ವಾಂಸರ ಕಲಹವು ಇಷ್ಟು ಸುಲಭವಾಗಿ ಮುಗಿಯುವುದು ಅಪರೂಪ. ಬ್ರೆಜಿಲ್ ದೇಶದ ಜರರಾಕಾ ಎಂಬ ಮಂಡಲದ ಹಾವಿನ ವಿಷದ ಅಭ್ಯಾಸದಿಂದ ಹೊಳೆದ ದಾರಿಯಲ್ಲಿ ಸಿದ್ಧವಾದ ಕ್ಯಾಪ್ಟೊಪ್ರಿಲ್ 1981ರಲ್ಲಿ ಅಮೆರಿಕದಲ್ಲಿ ಮನ್ನಣೆ ಪಡೆಯಿತು.

ಅದೇ ಬ್ರೆಜಿಲಿನ ಕಾಡುಗಳ ಯಾನೊಮಾಮಿ ಜನರು ಉಪ್ಪನ್ನು ಬೆರಸದೆ ಉಣ್ಣುವರು. ಅವರ ರಕ್ತದಲ್ಲಿ ರೆನಿನ್ ಹೆಚ್ಚು, ಒತ್ತಡವಾದರೋ ಕಡಿಮೆ. ವಯಸ್ಸಾದಂತೆ ಅದು ಏರುವುದೂ ಇಲ್ಲ. ಆಂಜಿಯೋಟೆನ್ಸಿನ್ನು ಉಪ್ಪಿನ ದಾರಿದ್ರ್ಯಕ್ಕೆ ತಕ್ಕ ಏರ್ಪಾಡೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ನಮ್ಮ ಮನೆಗಳಲ್ಲಿಯಾದರೋ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳಿಲ್ಲದ ಪಂಕ್ತಿಯುಂಟೆ? ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುವುದು. ಹಿಪ್ಪಲಿ, ಕ್ಷಾರ, ಲವಣ ಈ ಮೂರನ್ನು ಅತಿಯಾಗಿ ಬಳಸಲಾಗದೆಂದು ಚರಕಸಂಹಿತೆಯ ವಿಮಾನಸ್ಥಾನದಲ್ಲಿಯೂ ಉಂಟು. ಸೈಂಧವವು ನಿರಪಾಯವೆಂಬ ಭ್ರಾಂತಿ ಹಲವರಿಗಿರುವುದು. ಅದೂ ಬಹುಮಟ್ಟಿಗೆ ಸೋಡಿಯಂ ಲವಣವೇ. ಸೋಡಿಯಂ ಕಡಿಮೆಯೆಂದು ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುವುದರಿಂದ ಈ ಗುಳಿಗೆ ನುಂಗುವವರು ವೈದ್ಯರನ್ನು ಕೇಳದೆ ಅದನ್ನು ಕೊಳ್ಳಲಾಗದು.

ರಕ್ತಪರೀಕ್ಷೆ ಸರಿಬಂದ ಮೇಲೆ ವೈದ್ಯರು ಅದೇ ಗುಳಿಗೆಯನ್ನು ಮತ್ತೆ ಆರಂಭಿಸಿದರು. "ಉಪ್ಪಿಲ್ಲದ ಪುಂಡಿಪಲ್ಯ ಹ್ಯಾಂಗ ಉಣ್ಣಬೇಕವ್ವಾ?" ಎಂದು ಹಿರಿಯರು ಸೊಸೆಯನ್ನು ಕೇಳಿದರು. "ಸ್ವಲ್ಪ ಹಾಕೇನ್ರಿ ಮಾವಾ, ಭರಣಿ ಮಾತ್ರ ಮ್ಯಾಲ ಇಟ್ಟೀನ್ರಿ" ಎಂದು ಅವಳು ನಕ್ಕಳು. ಗುಳಿಗೆಯ ಡಬ್ಬಿಗೆ ಮೊಮ್ಮಗಳು ದುಂಡಕ್ಷರದ ಚೀಟಿಯೊಂದನ್ನು ಅಂಟಿಸಿರುವಳು: "ವಾಂತಿಭೇದಿಯಾದ ದಿನ ಮೊದಲು ಡಾಕ್ಟರರನ್ನು ಕೇಳುವುದು. ಉಳಿದ ದಿನ ತಪ್ಪಿಸಬಾರದು."