ಹೆಂಡತಿ ಊರಿಗೆ ಹೋಗಲು ಅಪ್ಪಣೆ

ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ಮಾರುವವರಿಗೂ ನಾನು ವೀಸಾಕ್ಕೆ ಕಾಯುತ್ತಿರುವ ವಿಷಯ ಗೊತ್ತಿತ್ತು. "ಏನ್ ಮೇಷ್ಟ್ರೇ, ಬಂತಾ?" ಅನ್ನೋರು. ಏನು ಬರಬೇಕಿತ್ತು ಎಂಬುದು ಅವರಿಗೆ ಅಷ್ಟಕ್ಕಷ್ಟೆ. ಬರಲಿಲ್ಲ ಎಂದ ತಕ್ಷಣ ಅವರ ಮುಖದಲ್ಲಿ ಮೂಡುತ್ತಿದ್ದ ಕನಿಕರ ಮಾತ್ರ ಅಪ್ಪಟ.

ನಮ್ಮ ಕಡೆ ಮದುವೆಯಾದ ಮೇಲೆ ಹೆಣ್ಣು ಗಂಡನ ಮನೆಗೆ ಹೋಗುತ್ತಾಳೆ. ಗಂಡು ಹೆಂಡತಿ ಮನೆಗೆ ಹೋದರೆ ಮನೆಅಳಿಯ. ನಾನು ಹೊರಟಿದ್ದು ಡಾಲಸ್‌ಗೆ. ಅಲ್ಲಿ ಮಾವನೂ ಇಲ್ಲ, ಮನೆಯೂ ಬಾಡಿಗೆಯದು. ಹಾಗಾಗಿ ನನ್ನನ್ನು ಯಾವ ಲೆಕ್ಕಕ್ಕೆ ಸೇರಿಸಬೇಕು ಎಂಬುದು ಊರಲ್ಲಿ ತೀರ್ಮಾನವಾಗಿರಲಿಲ್ಲ. ಅಮೆರಿಕದವರು ಮಾತ್ರ ಮೊದಲೇ ತೀರ್ಮಾನಿಸಿದ್ದರು: ಎಚ್-4. ಎಚ್-1ಬಿ ಮೇಲೆ ದುಡಿಯುವವರ ಗಂಡ, ಹೆಂಡತಿ, ಮಕ್ಕಳಿಗೆ ಕೊಡುವ ವೀಸಾ ಅದು. ಅದರಲ್ಲಿ ಹೋದವರು ಸುಮ್ಮನೆ ಕೆಲಸಕ್ಕೆ ಸೇರುವಂತಿಲ್ಲ. ದುಡಿಯುವವರ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ ಕೆಲಸದ ಪರವಾನಗಿ ಕೇಳಬಹುದು ಎಂಬ ನಿಯಮ 2015ರ ಮೇ ತಿಂಗಳಲ್ಲಿ ಬಂತು. ನನ್ನ ಹೆಂಡತಿಯ ಅರ್ಜಿ ಇನ್ನೂ ಹುಟ್ಟಿಯೇ ಇಲ್ಲ. ಅಂದರೆ ಪಿಯುಸಿ ಹುಡುಗರಿಗೆ ಫಿಸಿಕ್ಸ್ ಹೇಳುವ ನಾನು ಅಲ್ಲಿ ಅನ್ನಕ್ಕಿಟ್ಟುಕೊಂಡು ಅವಳ ದಾರಿ ಕಾಯಬೇಕು. ನನಗೇನೂ ಬೇಜಾರಿರಲಿಲ್ಲ. ಅವ್ವನಿಗಿತ್ತು.

ಡಿಎಸ್-160 ಎಂಬ ಅರ್ಜಿಯನ್ನು ತುಂಬಿದವರಿಗೇ ಗೊತ್ತು ಅದರ ರುಚಿ. ಇನಿಷಿಯಲ್ ಹಿಂದೆ ಅಡಗಿ ಬದುಕಿದ ನಮ್ಮಂಥವರಿಗೆ ಸರ್‌ನೇಮ್ ಎಂಬುದು ಮೊದಲ ಕಂಟಕ. ಪಾಸ್‌ಪೋರ್ಟ್ ಮಾಡಿಸುವಾಗಲೇ ಆ ಜಾಗದಲ್ಲಿ ಅಪ್ಪನ ಹೆಸರು ಕೂತಿತ್ತು. "ಹಂಗಾರೆ ಅಮೆರಿಕದಲ್ಲಿ ನಿನ್ನ ಮಹದೇವಪ್ಪ ಅಂತ ಕರೀತಾರಾ?" ಎಂದು ಅಪ್ಪ ವಿಚಾರಿಸಿ, ಆ ದಿನವೆಲ್ಲ ಖುಷಿಯಾಗಿದ್ದರು. ಆಮೇಲೆ ಅಪ್ಪನ ಹುಟ್ಟಿದ ತಾರೀಖು. ಅವರದು ಜೂನ್ ಒಂದು, ಸ್ಕೂಲಿಗೆ ಸೇರಿಸಿಕೊಂಡ ಮೇಷ್ಟ್ರು ದಯಪಾಲಿಸಿದ್ದು. ಅವ್ವನದು ಅದೂ ಇಲ್ಲ.

ಬಂದೂಕು, ಸ್ಫೋಟಕ, ಅಣು ವಿದ್ಯೆ ಇವುಗಳಲ್ಲಿ ವಿಶೇಷ ತರಬೇತಿ ಪಡೆದಿದ್ದೀರಾ ಎಂದೂ ಅದು ಕೇಳುತ್ತದೆ. ಸೆಕೆಂಡ್ ಪಿಯುಸಿಗೆ ನ್ಯೂಕ್ಲಿಯಸ್ ಪಾಠವನ್ನು ವರ್ಷ ವರ್ಷ ಮಾಡುವವನು ಏನು ಹೇಳಬೇಕು? ಇಲ್ಲ ಎಂದೆ. ನನ್ನ ಹುಡುಗರ ಮಾರ್ಕ್ಸ್ ಕಾರ್ಡ್ ನೋಡಿದರೆ ಯಾವ ಆಫೀಸರಾದರೂ ಒಪ್ಪಬೇಕಾದ ಉತ್ತರವದು. ಮುಂದೆ, ನೀವು ಯಾವುದಾದರೂ ಕುಲಕ್ಕೋ ಬುಡಕಟ್ಟಿಗೋ ಸೇರಿದವರೇ ಎಂಬ ಪ್ರಶ್ನೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಾದರೆ ತಲೆಯೆತ್ತಿ ಹೌದು ಎನ್ನಬಹುದು. ನಾನು ಪೆನ್ನು ಕಚ್ಚುತ್ತ ಕೂತಾಗ ಅಜ್ಜಿ ಅಂದಳು: "ಕುಲ ಕೇಳ್ದೆ ಎಣ್ಣು ಕೊಟ್ಟಾರಾ? ಅವ್ರೂವೆ ಕೇಳ್ತಾವ್ರೆ, ಯೇಳು." ಅಜ್ಜಿಗೆ ಅಮೆರಿಕದ ಮೇಲೆ ಗೌರವ ಹುಟ್ಟಿದ್ದು ಅವತ್ತೇ. ಆದರೆ ಮೂಲ ವಿಷಯದಲ್ಲಿ ಅವಳ ತಕರಾರು ಹಾಗೇ ಉಳಿಯಿತು: "ನಿನ್ ಎಂಡ್ರು ಇರೋ ಊರ್ಗೆ ಹೋಗಕೆ ಅವ್ರ ಅಪ್ಪಣೆ ಯಾಕ್ಲಾ?"

ಮದುವೆ ಆಗಿದ್ದಕ್ಕೆ ಪುರಾವೆ ಬೇಕು. ಸಬ್ ರಿಜಿಸ್ಟ್ರಾರ್ ಕಚೇರಿಯ ಸರ್ಟಿಫಿಕೇಟ್ ಇತ್ತು. ಜೊತೆಗೆ ಫೋಟೋ ಇದ್ದರೆ ಒಳ್ಳೆಯದು ಎಂದು ಎಲ್ಲರೂ ಹೇಳಿದರು. ಆಲ್ಬಂ ತೆಗೆದರೆ, ಮೊದಲ ಪುಟದಲ್ಲಿ ನಾವಿಬ್ಬರೂ ಹೈವೇ ಪಕ್ಕದ ಸೂರ್ಯಕಾಂತಿ ಹೊಲದಲ್ಲಿ ನಿಂತಿದ್ದೇವೆ. ಅದು ಸರಿ, ಕೇರಳದಿಂದ ಬರುವವರೆಲ್ಲ ಅಲ್ಲಿಳಿದು ರೈತನ ಕೈಗೆ ದುಡ್ಡಿಟ್ಟು ಹಾಗೆ ನಿಲ್ಲುತ್ತಾರೆ. ಎರಡನೇ ಪುಟದಲ್ಲಿ ಸ್ಟುಡಿಯೋದವನು ನಮ್ಮ ಬೆನ್ನಿಗೆ ಐಫೆಲ್ ಟವರ್ ಕೂರಿಸಿದ್ದ. ಕಳೆದ ಐದು ವರ್ಷದಲ್ಲಿ ಹೋಗಿಬಂದ ದೇಶಗಳ ಹೆಸರು ಬರೆಯಿರಿ ಎಂದಲ್ಲಿ ನಾನು 'ಇಲ್ಲ' ಎಂದು ಬರೆದಾಗಿತ್ತು. ಆ ಪುಟವನ್ನು ಬ್ಲೇಡಿನಲ್ಲಿ ಕೊಯ್ದು ತೆಗೆಯುವಾಗ ಅದರ ಹಿಂಬದಿಯ ಧಾರೆ ಫೋಟೋನೂ ಹೋಯಿತು.

ಕಾಯುವುದು ನಮ್ಮ ಜಿಲ್ಲೆಗೆ ಹೊಸದಲ್ಲ. ಬಂಡೀಪುರದ ರಸ್ತೆ 2009ರಿಂದ ರಾತ್ರಿ 9ಕ್ಕೆ ಮುಚ್ಚುತ್ತದೆ, ಬೆಳಿಗ್ಗೆ 6ಕ್ಕೆ ತೆರೆಯುತ್ತದೆ. ತರಕಾರಿ ಲಾರಿಯವರು ಆ ಲೆಕ್ಕ ಹಿಡಿದು ನಿದ್ದೆ ಮಾಡುತ್ತಾರೆ. ರಾತ್ರಿ ಒಂಬತ್ತೆಂದರೆ ಡಾಲಸ್‌ನಲ್ಲಿ ಬೇಸಿಗೆಯ ಬೆಳಿಗ್ಗೆ ಹತ್ತೂವರೆ, ಅವಳ ಮೀಟಿಂಗ್ ಹೊತ್ತು. ಅವಳು ಮಲಗುವ ಮುಂಚೆ ಫೋನ್ ಮಾಡಿದರೆ ನನಗೆ ಫಸ್ಟ್ ಪೀರಿಯಡ್. ಭಾನುವಾರ ಬಿಟ್ಟರೆ ನಮ್ಮ ಸಂಸಾರ ನಡೆದದ್ದು ಎರಡು ಗಂಟೆಗಳ ಮಧ್ಯೆ, ಸ್ಟಾಫ್ ರೂಮಿನ ಕಿಟಕಿಯಲ್ಲಿ.

ಇನ್ನು ಆಷಾಢ. ಹೊಸದಾಗಿ ಮದುವೆಯಾದವಳನ್ನು ಆ ತಿಂಗಳು ತವರಿಗೆ ಕಳಿಸುತ್ತಾರೆ. ಆದರೆ ಚಾಮರಾಜನಗರದ ದೇವರು ಕರುಣಾಳು. 1826ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತಂದೆಯ ನೆನಪಿಗೆ ಕಟ್ಟಿಸಿದ ಚಾಮರಾಜೇಶ್ವರನ ತೇರು ಎಳೆಯುವುದು ಸರಿಯಾಗಿ ಆಷಾಢದಲ್ಲೇ. ಬೇರೆಯಾದ ಜೋಡಿಗಳು ಆವತ್ತು ಬಂದು ಸೇರಿ, ತೇರಿಗೆ ಹಣ್ಣು ಜವನ ಎಸೆದು, ಜಾತ್ರೆಯಲ್ಲಿ ಒಂದಿಷ್ಟು ಹೊತ್ತು ಕೈ ಹಿಡಿದು ಓಡಾಡುತ್ತಾರೆ. ಹಿರಿಯರು ನೋಡಿದರೂ ನೋಡದಂತಿರುತ್ತಾರೆ. 2017ರಲ್ಲಿ ತೇರು ಬೆಂಕಿಗೆ ಸಿಕ್ಕಿ, ಹೊಸ ತೇರು ಬರುವವರೆಗೆ, ಅಂದರೆ 2022ರವರೆಗೆ ಆ ಭಾಗ್ಯವೂ ಇರಲಿಲ್ಲ. ನನ್ನ ಮದುವೆ ಹೊತ್ತಿಗೆ ತೇರು ಇತ್ತು, ಹೆಂಡತಿ ಇರಲಿಲ್ಲ. ಅತ್ತೆ ಮಾವನ ಜೊತೆ ಹೋಗಿ, ಅವಳ ಪಾಲಿನದನ್ನೂ ಸೇರಿಸಿ ಎರಡು ಬಾಳೆಹಣ್ಣು ಎಸೆದೆ. ಒಂದು ಪೊಲೀಸಿನವರ ಟೋಪಿಗೆ ಬಿತ್ತು.

2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದಾಗ ಊರಿಗೆ ಊರೇ ನನಗೆ ಅಭಿನಂದನೆ ಹೇಳಿತು. ವೀಸಾ ಕೊಡುವ ಕೆಲಸ ಮಾತ್ರ ಅಲ್ಲಿ ಆಗ ಶುರುವಾಗಲಿಲ್ಲ. 205 ಡಾಲರ್ ಕಟ್ಟಿ, ತಾರೀಖು ಸಿಕ್ಕಿ, ಮೈಸೂರಿನಲ್ಲಿ ಕಾವೇರಿ ಎಕ್ಸ್‌ಪ್ರೆಸ್ ಹತ್ತಿ ಚೆನ್ನೈ ಜೆಮಿನಿ ಸರ್ಕಲ್ಲಿಗೆ ಹೋದೆ. ಫೋನ್ ಒಳಗೆ ಬಿಡುವುದಿಲ್ಲ. ಕ್ಯೂನಲ್ಲಿ ಹಿಂದೆ ಮುಂದೆ ಎಲ್ಲ ಹೊಸ ಸೊಸೆಯಂದಿರು, ಕೈತುಂಬ ಬಳೆ. ಗಂಡಸು ನಾನೊಬ್ಬ, ಎದೆಗೆ ಆಲ್ಬಂ ಅವುಚಿಕೊಂಡು.

ಗಾಜಿನಾಚೆಯ ಹೆಣ್ಣುಮಗಳು ಹೆಂಡತಿಗೆ ಏನು ಕೆಲಸ ಎಂದು ಕೇಳಿದಳು, ಹೇಳಿದೆ. ಮದುವೆಗೆ ಎಷ್ಟು ಜನ ಬಂದಿದ್ದರು?

"ಎರಡು ಸಾವಿರ ಇರಬಹುದು. ಊಟಕ್ಕೆ ಕೂತವರು."

ಆಕೆ ಕೀಬೋರ್ಡಿನಿಂದ ಕೈ ತೆಗೆದು ನನ್ನನ್ನು ನೋಡಿದಳು. ನಾನು ಆಲ್ಬಂ ದಾರ ಬಿಚ್ಚತೊಡಗಿದೆ. ಬೇಡ, ನಿಮ್ಮ ವೀಸಾ ಮಂಜೂರಾಗಿದೆ, ಎಂದು ಪಾಸ್‌ಪೋರ್ಟ್ ಇಟ್ಟುಕೊಂಡಳು. ಮನೆಗೆ ಬಂದಾಗ ಅವ್ವ ಕೇಳಿದ್ದು ಒಂದೇ, ಆಲ್ಬಂ ನೋಡಿದರಾ ಎಂದು. "ನೋಡಿದ್ರು. ನಿನ್ ಸೀರೆ ಚೆನ್ನಾಗದೆ ಅಂದ್ರು" ಎಂದೆ.

ವೀಸಾ ಒತ್ತಿದ ಪಾಸ್‌ಪೋರ್ಟ್ ಕೈಗೆ ಬಂದಾಗ ಮತ್ತೆ ಆಷಾಢ ಹಿಡಿದಿತ್ತು. ಶ್ರಾವಣದವರೆಗೆ ಹೊರಡಕೂಡದು ಎಂದಳು ಅಜ್ಜಿ. ನಮ್ಮ ಮೊದಲ ಆಷಾಢ ಎಂದೋ ಮುಗಿಯಿತಲ್ಲ ಎಂದೆ. "ಗಂಡ ಎಂಡ್ರು ಒಟ್ಟಿಗಿದ್ದು ಬ್ಯಾರೆ ಆದ್ರೆ ಕನಾ ಆಸಾಡ. ನೀವು ಒಟ್ಟಿಗಿದ್ದುದ್ ಯಾವಾಗ? ಇದೇ ನಿಮ್ಗೆ ಮೊದುಲ್ನೇದು." ಶ್ರಾವಣದಲ್ಲಿ ಓದಲು ಹೋಗುವ ಹುಡುಗರೆಲ್ಲ ಹೊರಡುತ್ತಾರೆ, ಟಿಕೆಟ್ ರೇಟು ಏರುತ್ತದೆ ಎಂದು ಡಾಲಸ್‌ನಿಂದ ಸುದ್ದಿ ಬಂತು. ಅಪ್ಪ ರೇಟು ನೋಡಿ ಕನ್ನಡಕ ತೆಗೆದಿಟ್ಟರು: "ಪಂಚಾಂಗ ಬರ್ದೋನ್ಗೆ ವಿಮಾನದ್ ರೇಟು ಗೊತ್ತಿತ್ತಾ?"

"ಗೊತ್ತಿದ್ರೆ," ಅಂದಳು ಅಜ್ಜಿ, "ಆಸಾಡವ ಎಲ್ಡ್ ತಿಂಗ್ಳು ಮಾಡ್ತಿದ್ದ."